ಗಾಳಿ ತಿರುಗಿದ ಹೊತ್ತು

“ಬೀದರಲ್ಲಿ ಮೋಡ ಕಂಡ್ರೆ ನಮ್ಗೆ ಎದೆ ಡವಡವ ಕಣ್ಲಾ” ಎಂದು ಸೋದರಮಾವ ಶುರು ಮಾಡಿದರೆ, ಪಾಂಡವಪುರ ಕಡೆಯ ಆಲೆಮನೆಯಲ್ಲಿ ಒಲೆಗೆ ರಚ್ಚು ತುಂಬುತ್ತಿದ್ದವನೂ ಕೈ ನಿಲ್ಲಿಸಿ ಕೇಳುತ್ತಿದ್ದ. ಮಾವನದು ನಾಗಮಂಗಲದ ಬೆದ್ದಲು ಸೀಮೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ನಾಲೆ ನೀರುಂಟು, ನಾಗಮಂಗಲ, ಕೆ.ಆರ್. ಪೇಟೆಯ ಎಷ್ಟೋ ಊರುಗಳು ಭರಣಿ ಮಳೆಗೆ ಬಾಯಿಬಿಟ್ಟು ಕಾಯಬೇಕು. ಅಂಥ ಕಡೆ ಹುಟ್ಟಿದವರು ವಾಯುಪಡೆ ಸೇರಿ, ಹವಾಮಾನ ವಿಭಾಗದಲ್ಲಿ ಮಳೆ ಬಾರದಿರಲಪ್ಪಾ ಎಂದು ಹರಸಿಕೊಳ್ಳುವ ಕೆಲಸಕ್ಕೆ ಬಿದ್ದರು.

1990ರ ದಶಕದ ಒಂದು ಮೇ ತಿಂಗಳು. ಮಾವ ಕೆಲಸಕ್ಕಿದ್ದ ಬೀದರ್ ವಾಯುನೆಲೆಯಲ್ಲಿ ಆಗ ಹೊಸ ಹುಡುಗರಿಗೆ ಹಾರಾಟದ ಮೊದಲ ಪಾಠ. ವಿಮಾನ ಎಚ್‌ಪಿಟಿ-32, ಹೆಸರು ‘ದೀಪಕ್’, ನಮ್ಮ ಎಚ್‌ಎಎಲ್‌ನವರೇ ಕಟ್ಟಿದ್ದು. ಗುರು-ಶಿಷ್ಯರು ಅಕ್ಕಪಕ್ಕ ಕೂರುವ ಹಗುರ ಯಂತ್ರ, ಗಾಳಿಗೆ ಬೇಗ ಅಲುಗುತ್ತಿತ್ತು. ಬೀದರ್ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಮೇಲಿದೆ. ಬಿಸಿಲು 40 ಡಿಗ್ರಿ ದಾಟಿದಾಗ ಗಾಳಿ ತೆಳುವಾಗಿ, ನೆಲ ಬಿಡಲು ವಿಮಾನ ಇನ್ನಷ್ಟು ದೂರ ಓಡಬೇಕು. ಅದಕ್ಕೇ ಬೆಳಗಿನ ತಂಪಿನಲ್ಲೇ ಆದಷ್ಟು ಹಾರಾಟ ಮುಗಿಸುತ್ತಿದ್ದರು.

ಅವತ್ತು ಗಾಳಿ ಪಡುವಣದಿಂದ ಬೀಸುತ್ತಿತ್ತು. ವಿಮಾನ ಗಾಳಿಗೆ ಎದುರಾಗಿಯೇ ಇಳಿಯಬೇಕು. ಆದ್ದರಿಂದ 26ನೇ ತುದಿ ಬಳಕೆಯಲ್ಲಿತ್ತು. ರನ್‌ವೇ ಮೇಲೆ ಬರೆದ ಅಂಕಿ ದಿಕ್ಕಿನದು: 260 ಡಿಗ್ರಿಯ ಕೊನೆಯ ಸೊನ್ನೆ ಬಿಟ್ಟರೆ 26; ಅದೇ ಪಟ್ಟಿಯ ಇನ್ನೊಂದು ತುದಿ 08. ಹನ್ನೊಂದರ ಮೇಲೆ ಮೂಡಣದಲ್ಲಿ ಹೂಕೋಸಿನ ಹಾಗೆ ಮೋಡ ಏಳತೊಡಗಿತು. ಗಂಟೆಗೊಂದು ವರದಿ ಕೊಡುವುದು ವಾಡಿಕೆ. ಮಾವ ಅಷ್ಟಕ್ಕೆ ಕಾಯದೆ ವಿಶೇಷ ವರದಿ ಬರೆದರು. ಟವರ್‌ನವರು ಎಲ್ಲರನ್ನೂ ವಾಪಸ್ ಕರೆದರು.

ಒಂದೊಂದೇ ಇಳಿದವು. ಒಂಟಿಯಾಗಿ ಹಾರುತ್ತಿದ್ದ ಒಬ್ಬ ಹುಡುಗ ಮಾತ್ರ ಉಳಿದಿದ್ದ. ಅವನು 26ರ ಕಡೆ ಇಳಿಯುತ್ತ ಬರುವಾಗಲೇ ಗುಡುಗು ಮೋಡದಿಂದ ಸುರಿದ ತಣ್ಣನೆ ಗಾಳಿ ನೆಲಕ್ಕೆ ಬಡಿದು, ಕೆಂಧೂಳು ಎಬ್ಬಿಸಿಕೊಂಡು ಮೂಡಣದಿಂದ ನುಗ್ಗಿತು. ಗಾಳಿಚೀಲ ಒಮ್ಮೆ ಜೋತುಬಿದ್ದು, ಮರುಗಳಿಗೆಗೆ ಪಡುವಣಕ್ಕೆ ಬಾಲ ಚಾಚಿತು. ಮಾವನ ಕೊಠಡಿಯಲ್ಲಿ ವಾಯುಭಾರದ ಮುಳ್ಳು ಮೇಲಕ್ಕೆ ಜಿಗಿಯಿತು. ಒಂದು ಮಿಲಿಬಾರ್ ತಪ್ಪಿದರೆ ಪೈಲಟ್‌ನ ಎತ್ತರದ ಲೆಕ್ಕ ಮೂವತ್ತು ಅಡಿಯಷ್ಟು ತಪ್ಪುತ್ತದೆ. ನೆಲದ ಹತ್ತಿರ ಮೂವತ್ತು ಅಡಿ ಎಂದರೇನು ಕಡಿಮೆಯೇ? ಮಾವ ಫೋನಿನಲ್ಲಿ ಅರಚಿದರು: ಗಾಳಿ 80 ಡಿಗ್ರಿ, ವೇಗ ಇಷ್ಟು, ಒತ್ತಡ ಇಷ್ಟು. ಬೆನ್ನ ಹಿಂದಿನ ಗಾಳಿಯಲ್ಲಿ ಇಳಿದರೆ ವಿಮಾನ ನಿಲ್ಲದೆ ಓಡುತ್ತದೆ. ಟವರ್ ಹುಡುಗನಿಗೆ ಮೇಲೇಳು ಎಂದಿತು.

ಅವನು ಎದ್ದ. ಸುತ್ತು ಹಾಕಿ 08ರ ಕಡೆಗೆ ಬರಬೇಕು, ಅಷ್ಟರೊಳಗೆ ಮಳೆ ಮುಟ್ಟಬಾರದು. ಎಷ್ಟು ದೂರ ಕಾಣುತ್ತದೆಂದು ಹೇಳಲು ಆಗ ಗುರುತಿನ ಮರ, ಗೋಪುರಗಳೇ ಆಧಾರ. ಮಾವ ಹೊರಗೆ ನಿಂತು ಎಣಿಸುತ್ತಿದ್ದಂತೆ ದೂರದ ಗುರುತುಗಳು ಧೂಳಿನಲ್ಲಿ ಒಂದೊಂದಾಗಿ ಮಾಯವಾದವು. ಅವನಿಗೆ ಪಾಠ ಹೇಳಿದ ಅಧಿಕಾರಿ ಪಕ್ಕದಲ್ಲೇ ನಿಂತಿದ್ದರಂತೆ, ಟೋಪಿ ಹಾರಿಹೋದದ್ದೂ ತಿಳಿಯದೆ. ದಪ್ಪ ಹನಿ ಬೀಳುವ ಹೊತ್ತಿಗೆ ದೀಪಕ್‌ನ ಚಕ್ರ 08ರಲ್ಲಿ ನೆಲ ಮುಟ್ಟಿತು. ಒಂದು ಸಲ ಪುಟಿದು ಕೂತಿತು. ಐದೇ ನಿಮಿಷದಲ್ಲಿ ರನ್‌ವೇ ಮೇಲೆ ಅಲ್ಲಲ್ಲಿ ನೀರು ನಿಂತಿದೆ ಎಂದು ಮಾವ ಮತ್ತೊಂದು ವರದಿ ಬರೆದರು.

“ಹುಡುಗ ಇಳ್ದು ಬಂದು ಮಾಡಿದ ಮೊದಲ ಕೆಲ್ಸ ಏನ್ ಗೊತ್ತಾ? ಎರಡು ಲೋಟ ಟೀ ಕುಡ್ದ, ಮಾತೇ ಇಲ್ಲ.”

ಆ ವರ್ಷ ರಜೆಗೆ ಬಂದಾಗ ಊರ ಮೇಲೆ ಮೋಡ ಕವಿದಿತ್ತು. ಮಳೆ ಬತ್ತದಾ ಎಂದು ಅಜ್ಜಿ ಕೇಳಿದರು. ಮಾವ ಅಂಗಳಕ್ಕೆ ಹೋಗಿ ಕತ್ತೆತ್ತಿ ನೋಡಿ, ಆಕಾಶದ ಎಂಟು ಪಾಲಿನಲ್ಲಿ ಐದು ಪಾಲು ಮೋಡ, ತಳ ಮೂರು ಸಾವಿರ ಅಡಿ, ಗಾಳಿ ನೈಋತ್ಯ ಎಂದರು.

“ಅದೆಲ್ಲ ಇರ್ಲಿ ಕಣಪ್ಪ,” ಅಂದರು ಅಜ್ಜಿ, “ಮಾಳಿಗೆ ಮೇಲಿರೋ ಸಂಡಿಗೆ ತೆಗೀಲೋ ಬ್ಯಾಡ್ವೋ, ಅಷ್ಟ್ ಹೇಳು.”