ಅರ್ಧ ಅಣು ನೀರು

ಒಂದು ಸಾವಯವ ವಸ್ತುವಿನಲ್ಲಿ ಯಾವ ಧಾತು ಎಷ್ಟಿದೆ ಎಂದು ತಿಳಿಯಲು ರಸಾಯನಶಾಸ್ತ್ರ ಬಹುಮಟ್ಟಿಗೆ ಅದನ್ನು ಸುಟ್ಟೇ ನೋಡುತ್ತದೆ. ಸುಟ್ಟ ಮೇಲೆ ನಮ್ಮ ಕಣ್ಣು ಹೋಗುವುದು ಉಳಿದ ಬೂದಿಯ ಕಡೆಗೆ. ಜರ್ಮನಿಯ ಗೀಸೆನ್‌ನಲ್ಲಿದ್ದ ಯೂಸ್ಟಸ್ ಲೀಬಿಗ್ ಮಾತ್ರ ಹಾರಿಹೋಗುವುದನ್ನು ಹಿಡಿದು ತೂಗಿದ. 1831ರಲ್ಲಿ ಅವನು ಐದು ಬುರುಡೆಗಳಿರುವ ಒಂದು ಗಾಜಿನ ಉಪಕರಣ ಮಾಡಿದ. ವಸ್ತುವನ್ನು ತಾಮ್ರದ ಆಕ್ಸೈಡ್ ಜೊತೆ ಸುಟ್ಟಾಗ ಬರುವ ನೀರಾವಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಹೀರಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡನ್ನು ಬುರುಡೆಗಳಲ್ಲಿರುವ ಪೊಟ್ಯಾಶ್ ದ್ರಾವಣ ಹೀರಿಕೊಳ್ಳುತ್ತದೆ. ಎರಡರ ತೂಕ ಎಷ್ಟು ಹೆಚ್ಚಿತೆಂದು ನೋಡಿದರೆ ಸಾಕು. 44 ಗ್ರಾಂ ಕಾರ್ಬನ್ ಡೈಆಕ್ಸೈಡಿನಲ್ಲಿ 12 ಗ್ರಾಂ ಇಂಗಾಲ, 18 ಗ್ರಾಂ ನೀರಿನಲ್ಲಿ 2 ಗ್ರಾಂ ಜಲಜನಕ. ಉಳಿದದ್ದು ಶಾಲೆಯ ತ್ರೈರಾಶಿ.

ಬಿ.ಎಸ್ಸಿ. ಲ್ಯಾಬಿನಲ್ಲಿ ನಾವು ಮೊದಲು ಕಲಿತದ್ದು ಇಷ್ಟು ನಾಜೂಕಿನದಲ್ಲ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂನ ಸಣ್ಣ ಚೂರು, ಮೇಲೆ ಚಿಟಿಕೆ ವಸ್ತು, ಕೆಂಪಗೆ ಕಾಯಿಸಿದ ಪುಟ್ಟ ನಳಿಕೆಯನ್ನು ನೀರಿಗೆ ಅದ್ದಿದರೆ ಫಟ್ ಎಂದು ಒಡೆಯುವುದು. ಸೋಸಿ ತೆಗೆದ ದ್ರಾವಣಕ್ಕೆ ಫೆರಸ್ ಸಲ್ಫೇಟ್ ಹಾಕಿ, ಕುದಿಸಿ, ಆಮ್ಲ ಬಿಟ್ಟರೆ ಕಡುನೀಲಿ. ಸಾರಜನಕ ಇದೆ ಎಂದರ್ಥ. 1843ರಲ್ಲಿ ಫ್ರಾನ್ಸಿನ ಲಸೇನ್ ಕಂಡುಕೊಂಡ ಈ ಪರೀಕ್ಷೆ 'ಇದೆಯೇ' ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. 'ಎಷ್ಟಿದೆ' ಎಂದು ಕೇಳಿದರೆ ಸುಮ್ಮನಾಗುತ್ತದೆ.

'ಎಷ್ಟು' ಎಂಬುದಕ್ಕೆ 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೋಹಾನ್ ಕೆಲ್ಡಾಲ್ ಒಂದು ದಾರಿ ಕೊಟ್ಟ. ವಸ್ತುವನ್ನು ಗಂಧಕಾಮ್ಲದಲ್ಲಿ ಕುದಿಸಿ, ಸಾರಜನಕವನ್ನು ಅಮೋನಿಯಾ ಆಗಿ ಹೊರತೆಗೆದು, ಟೈಟ್ರೇಷನ್ ಮಾಡುವುದು. ಹಾಲಿನ ಪರೀಕ್ಷೆಯಲ್ಲಿ ಬಂದ ಸಾರಜನಕವನ್ನು 6.38ರಿಂದ ಗುಣಿಸಿದರೆ ಪ್ರೋಟೀನ್. ಈ ಗುಣಾಕಾರದ ಹಿಂದೆ ಒಂದು ನಂಬಿಕೆಯಿದೆ: ಹಾಲಿನ ಸಾರಜನಕವೆಲ್ಲ ಹೆಚ್ಚುಕಡಿಮೆ ಪ್ರೋಟೀನಿನದೇ ಎಂದು. 2008ರಲ್ಲಿ ಚೀನಾದಲ್ಲಿ ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡರು. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿದರು. ಅದರ ತೂಕದಲ್ಲಿ ಸುಮಾರು 67 ಶೇಕಡಾ ಸಾರಜನಕ. ಪ್ರೋಟೀನ್ ಅಂಕಿ ಏರಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಮೂತ್ರಪಿಂಡದಲ್ಲಿ ಕಲ್ಲುಗಳಾದವು. ಅಧಿಕೃತ ಲೆಕ್ಕದಲ್ಲೇ ಆರು ಹಸುಗೂಸುಗಳು ಸತ್ತವು.

ನಮ್ಮಮ್ಮ ದಿನಕ್ಕೆ ಎರಡು ಹೊತ್ತು ಊರಿನ ಡೈರಿಗೆ ಹಾಲು ಹಾಕುವವರು. ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಡಿಗ್ರಿ ನೋಡೋರಿಗೆ ಗೊತ್ತಾಗ್ಲಿಲ್ವಾ?" ಗೊತ್ತಾಗಲಿಲ್ಲಮ್ಮ. ಉಪಕರಣ ತಾನು ಅಳೆದದ್ದನ್ನು ಸರಿಯಾಗಿಯೇ ಅಳೆದಿತ್ತು. ಅದು ಅಳೆದದ್ದು ಸಾರಜನಕವನ್ನು.

ಇದೆಲ್ಲ ನನಗೆ ದೂರದ ವಿಷಯವಾಗಿ ಉಳಿಯಲಿಲ್ಲ. ಕಳೆದ ವರ್ಷ ಎಂಟು ತಿಂಗಳು ದುಡಿದು ಒಂದು ಹೊಸ ಸಂಯುಕ್ತ ತಯಾರಿಸಿದೆ. ಅಣುಸೂತ್ರದ ಪ್ರಕಾರ ಅದರಲ್ಲಿ ಇಂಗಾಲ 72.28 ಶೇಕಡಾ ಇರಬೇಕು. ಪತ್ರಿಕೆಗಳು ಸಾಮಾನ್ಯವಾಗಿ ಒಪ್ಪುವ ವ್ಯತ್ಯಾಸ 0.4. ವಿಶ್ಲೇಷಣೆಯ ವರದಿಯಲ್ಲಿ ಬಂದದ್ದು 70.4. ಲ್ಯಾಬಿನ ಹಿರಿಯರೊಬ್ಬರು ಕಾಗದ ನೋಡಿ, "ಇದಕ್ಯಾಕೆ ತಲೆ ಕೆಡಿಸ್ಕೊಳ್ತೀಯಾ? ಸೂತ್ರಕ್ಕೆ ಅರ್ಧ ಅಣು ನೀರು ಸೇರಿಸಿ ಬರೆದುಬಿಡು" ಎಂದರು. ಲೆಕ್ಕ ಹಾಕಿದೆ. 70.37. ಜಲಜನಕ, ಸಾರಜನಕಗಳೂ ಹೊಂದಿಕೊಂಡವು.

ಆದರೆ ಶುದ್ಧೀಕರಿಸುವಾಗ ಕಾಲಂನಿಂದ ಸ್ವಲ್ಪ ಸಿಲಿಕಾ ಜಾರಿ ಬಂದಿದ್ದರೂ ಇಂಗಾಲ ಹೀಗೆಯೇ ಇಳಿಯುತ್ತದೆ. ಎರಡೂವರೆ ಶೇಕಡಾ ಸಿಲಿಕಾ ಇದ್ದರೆ ಸಾಕು, ಅಂಕಿ ಅಲ್ಲಿಗೇ ಬರುತ್ತದೆ. ಹರಳುಗಳಲ್ಲಿರುವುದು ನೀರೋ ಮರಳೋ ಎಂದು ಆ ಕಾಗದ ಹೇಳುತ್ತಿರಲಿಲ್ಲ.

ನನ್ನ ಬಳಿ ಉಳಿದಿದ್ದದ್ದು 14 ಮಿಲಿಗ್ರಾಂ. ಒಂದೊಂದು ಪರೀಕ್ಷೆಗೂ ಎರಡು ಮೂರು ಮಿಲಿಗ್ರಾಂ ಸುಟ್ಟುಹೋಗುತ್ತದೆ. ಇಷ್ಟರಲ್ಲಿ ಕೆಲಸ ಮುಗಿಯುವುದೇ ಫ್ರಿಟ್ಸ್ ಪ್ರೆಗ್ಲ್‌ನ ಉಪಕಾರ; ಮಿಲಿಗ್ರಾಂಗಳಲ್ಲಿ ವಿಶ್ಲೇಷಿಸುವ ವಿಧಾನ ರೂಪಿಸಿದ್ದಕ್ಕೆ ಅವನಿಗೆ 1923ರಲ್ಲಿ ನೊಬೆಲ್ ಬಂತು. ಮಾದರಿಯನ್ನು ಫಾಸ್ಫರಸ್ ಪೆಂಟಾಕ್ಸೈಡ್ ಮೇಲೆ, ನಿರ್ವಾತದಲ್ಲಿ, ಬೆಚ್ಚಗೆ ಮೂರು ದಿನ ಒಣಗಿಸಿ ಮತ್ತೆ ಕಳುಹಿಸಿದೆ. ಸರದಿ ಬರಲು ಐದು ವಾರ ಹಿಡಿಯಿತು. ಬಂದದ್ದು 72.1. ಸಿಲಿಕಾ ಆಗಿದ್ದರೆ ಒಣಗಿಸಿದರೆ ಹೋಗುತ್ತಿರಲಿಲ್ಲ. ಅಂದರೆ ನೀರೇ.

ಹಿರಿಯರ ಊಹೆ ಸರಿಯಾಗಿಯೇ ಇತ್ತು. ಅವರು ನಕ್ಕರು, ನಾನೂ ನಕ್ಕೆ. ಅಂದೇ ಬರೆದುಬಿಟ್ಟಿದ್ದರೂ ಬರೆದದ್ದು ನಿಜವೇ ಆಗಿರುತ್ತಿತ್ತು. ನನಗೆ ಮಾತ್ರ ಅದು ಗೊತ್ತಿರುತ್ತಿರಲಿಲ್ಲ.

ಪ್ರಬಂಧದಲ್ಲಿ ಇದೆಲ್ಲ ಕೊನೆಯ ಪುಟಗಳ ಒಂದು ಸಾಲು. ಯಾರೂ ಓದುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೆ ಮುಂದೆಂದೋ, ಎಲ್ಲೋ ಒಬ್ಬರು ಇದೇ ವಸ್ತುವನ್ನು ತಯಾರಿಸಿ ತಕ್ಕಡಿಗೆ ಹಾಕುವಾಗ, ಅರ್ಧ ಅಣು ನೀರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ನೋಡುವುದು ಆ ಸಾಲನ್ನೇ.