ಬನ್ನಿ ಎಂದರೆ ಸಾಲದು

ನಿವೃತ್ತನಾದ ಮೇಲೆ ನಮ್ಮ ಮನೆಗೆ ಹೊಸದಾಗಿ ಯಾರೂ ಸೇರುವುದಿಲ್ಲವೆಂದೇ ನಾನು ನಂಬಿಕೊಂಡಿದ್ದೆ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು, ಅಂಗಳದಲ್ಲಿ ಒಂದು ನಾಯಿ, ಒಳಗೆ ನಾವಿಬ್ಬರು ಮುದುಕರು. ನಮ್ಮ ಸಂಸಾರದ ಹಾಜರಿ ಪುಸ್ತಕ ಇಷ್ಟೇ. ಕಳೆದ ಬೇಸಿಗೆ ರಜೆಯಲ್ಲಿ ಅದಕ್ಕೆ ಇನ್ನೊಂದು ಹೆಸರು ಸೇರಿತು. ಬೆಂಗಳೂರಿನ ಮಗ ಬಾಡಿಗೆ ಮನೆ ಬದಲಾಯಿಸಬೇಕಾಗಿ ಬಂದಿತ್ತು. ಹೊಸ ಮನೆಯ ಮಾಲೀಕರು ಪ್ರಾಣಿ ಸಾಕಲು ಒಪ್ಪಲಿಲ್ಲವಂತೆ. ಮೊಮ್ಮಗಳು ತನ್ನ ಬಿಳಿಯ ಮೊಲವನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದು, "ಅಜ್ಜ, ಇದನ್ನು ನೀನೇ ನೋಡಿಕೊಳ್ಳಬೇಕು" ಎಂದು ನನ್ನ ಮಡಿಲಿಗೆ ಹಾಕಿದಳು.

ಅದಕ್ಕೆ ಅವಳು ಇಟ್ಟಿದ್ದ ಹೆಸರು 'ಬನ್ನಿ'. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಅದು ಮೊಲದ ಮುದ್ದಿನ ಹೆಸರು. ನಮ್ಮ ಕಿವಿಗೆ ಮಾತ್ರ ಅದು ಬಹುವಚನದ ಆಮಂತ್ರಣ. ಮೊದಲ ದಿನ ನಾನು ಅಂಗಳದಲ್ಲಿ ನಿಂತು "ಬನ್ನಿ, ಬನ್ನಿ" ಎಂದು ಕರೆಯುತ್ತಿದ್ದಾಗ, ಬೇಲಿಯಾಚೆ ಹೋಗುತ್ತಿದ್ದ ನೆರೆಯವರು ಒಳಗೆ ಬಂದು ಜಗಲಿಯ ಮೇಲೆ ಕುಳಿತೇಬಿಟ್ಟರು. ಅವರಿಗೆ ಕಾಫಿ ಕೊಡದೆ ಬೇರೆ ದಾರಿಯಿರಲಿಲ್ಲ.

ಹೊರಡುವ ಮುನ್ನ ಮೊಮ್ಮಗಳು ನನ್ನ ಕೈಯಲ್ಲಿ ಎರಡು ಪುಟದ ಬರಹವೊಂದನ್ನಿಟ್ಟಳು. ತಲೆಬರಹ: 'ಅಜ್ಜನಿಗೆ ಸೂಚನೆಗಳು'. ಮೂವತ್ತನಾಲ್ಕು ವರ್ಷ ಪರರಿಗೆ ಸೂಚನೆ ಕೊಟ್ಟವನಿಗೆ ಹತ್ತು ವರ್ಷದ ಹುಡುಗಿಯ ಸೂಚನೆ! ನಗುತ್ತ ಮೊದಲ ಪುಟದ ಮೇಲೆ ಕಣ್ಣಾಡಿಸಿ, ಕಾಗುಣಿತದ ಎರಡು ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಮಡಚಿ ಮೇಜಿನ ಸೆಳೆಖಾನೆಯಲ್ಲಿಟ್ಟೆ. 'ನಾನು ಹಿಡಿದ ಮೊಲಕ್ಕೆ ಮೂರೇ ಕಾಲು' ಎಂಬ ಗಾದೆಯನ್ನು ಎಷ್ಟು ತರಗತಿಗಳಲ್ಲಿ ವಿಸ್ತರಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಅದು ನನ್ನನ್ನೇ ಕುರಿತದ್ದೆಂದು ಹೊಳೆಯಲು ಮಳೆಗಾಲ ಬರಬೇಕಾಯಿತು.

ಅಡಿಕೆ ದಬ್ಬೆಗಳನ್ನು ಸೀಳಿ ಜಗಲಿಯ ಮೂಲೆಯಲ್ಲಿ ಗೂಡು ಕಟ್ಟಿದೆ. ನಾಯಿಯನ್ನು ಕಂಡಾಗಲೆಲ್ಲ ಬನ್ನಿ ಹಿಂಗಾಲನ್ನು ನೆಲಕ್ಕೆ ಬಡಿದು ಅಪಾಯದ ಡಂಗುರ ಸಾರುತ್ತಿತ್ತು. ಬರಬರುತ್ತ ನಾಯಿಯೂ ಆ ಕಡೆ ನೋಡುವುದನ್ನು ಬಿಟ್ಟು ಹೊಸ್ತಿಲಲ್ಲಿ ಮಲಗತೊಡಗಿತು. ಆದರೂ ಅವೆರಡನ್ನೇ ಬಿಟ್ಟು ನಾವು ಒಳಗೆ ಹೋಗುತ್ತಿರಲಿಲ್ಲ. ಮೊಮ್ಮಗಳು ತಂದಿದ್ದ ಆಹಾರ ತೀರಿದ ಮೇಲೆ ಸತ್ಕಾರದ ಹೊಣೆ ನನ್ನದಾಯಿತು. ತೋಟದ ಬಾಳೆಹಣ್ಣು, ಸಂತೆಯ ಗಜ್ಜರಿ, ಚಹಾದ ಹೊತ್ತಿಗೆ ಬಿಸ್ಕತ್ತು. "ಕರಡ ಹಾಕಿ ನೋಡಿ" ಎಂದು ನನ್ನಾಕೆ ಒಮ್ಮೆ ಹೇಳಿದಳು. ಬೆಟ್ಟದಲ್ಲಿ ಕೊಯ್ದು ಒಣಗಿಸಿ ತಂದ ಹುಲ್ಲು ಕೊಟ್ಟಿಗೆಯ ಅಟ್ಟದ ತುಂಬ ಇತ್ತು. "ಅದು ದನಗಳಿಗೆ. ಅತಿಥಿಗೆ ಹುಲ್ಲು ಹಾಕುವುದುಂಟೇ?" ಎಂದು ನಾನು ಗದರಿದೆ.

ಆಷಾಢದ ಒಂದು ಬೆಳಿಗ್ಗೆ ಬನ್ನಿ ಬಾಳೆಹಣ್ಣನ್ನು ಮೂಸಲೂ ಇಲ್ಲ. ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕುಳಿತಿತ್ತು. ಗೂಡಿನಲ್ಲಿ ಹಿಕ್ಕೆ ಬಿದ್ದಿರಲಿಲ್ಲ. ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಸುರಿಯುವ ಮಳೆಯಲ್ಲಿ ಬುಟ್ಟಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪೇಟೆಯ ಪಶುವೈದ್ಯರಲ್ಲಿಗೆ ಓಡಿದೆ. ಅವರು ನನ್ನ ಹಳೆಯ ವಿದ್ಯಾರ್ಥಿ.

"ಮೇಷ್ಟ್ರೇ, ಇದಕ್ಕೆ ತಿನ್ನಲು ಏನು ಹಾಕುತ್ತಿದ್ದಿರಿ?"

ಮನೆಪಾಠ ಮಾಡದೆ ಬಂದ ಹುಡುಗನಂತೆ ನಾನು ಒಂದೊಂದಾಗಿ ಹೇಳಿದೆ. ಅವರು ಗದರಲಿಲ್ಲ, ಪಾಠ ಹೇಳಿದರು. ಮೊಲದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಅಗಿದಗಿದೇ ಅವು ಸವೆಯಬೇಕು. ಕರುಳು ಚಲಿಸುತ್ತಿರಲೂ ಹುಲ್ಲಿನ ನಾರೇ ಬೇಕು. ಸಿಹಿ ಹೆಚ್ಚಾಗಿ ನಾರು ಕಡಿಮೆಯಾದರೆ ಕರುಳು ನಿಂತುಬಿಡುತ್ತದೆ. ವಾಂತಿ ಮಾಡಿಕೊಳ್ಳಲು ಅದಕ್ಕೆ ಬಾರದು. ಒಂದು ದಿನ ಹೊಟ್ಟೆಗೆ ಏನೂ ಬೀಳದಿದ್ದರೂ ಪ್ರಾಣಕ್ಕೆ ಸಂಚಕಾರ. ಚುಚ್ಚುಮದ್ದು ಕೊಟ್ಟು, ಸೂಜಿಯಿಲ್ಲದ ಸಿರಿಂಜಿನಲ್ಲಿ ಆಹಾರ ಕುಡಿಸುವ ಬಗೆಯನ್ನು ತೋರಿಸಿ, "ಈ ರಾತ್ರಿ ಕಳೆಯಲಿ" ಎಂದರು.

ಆ ರಾತ್ರಿ ಲಾಟೀನಿನ ಬೆಳಕಿನಲ್ಲಿ ಕುಳಿತಿದ್ದಾಗ ಇನ್ನೊಂದು ಮೊಲ ನೆನಪಿಗೆ ಬಂತು. ನನಗಾಗ ಎಂಟು ವರ್ಷ. ಬೆಟ್ಟದಲ್ಲಿ ಕರಡ ಕೊಯ್ಯುವಾಗ ಸಿಕ್ಕ ಕಾಡುಮೊಲದ ಮರಿಯನ್ನು ತಬ್ಬಲಿಯೆಂದು ಎತ್ತಿ ತಂದು, ಹತ್ತಿಯ ಬತ್ತಿಯಲ್ಲಿ ಹಸುವಿನ ಹಾಲು ಕುಡಿಸಿದ್ದೆ. ಮೂರನೆಯ ದಿನ ಅದು ಸತ್ತಿತು. ಅದು ತಬ್ಬಲಿಯಾಗಿರಲಿಲ್ಲವೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸಾಕುಮೊಲದ ಮರಿ ಹುಟ್ಟುವಾಗ ಕೂದಲಿಲ್ಲದೆ, ಕಣ್ಣು ಮುಚ್ಚಿರುತ್ತದೆ. ಅದರ ಪೂರ್ವಜರು ಯೂರೋಪಿನ ಬಿಲವಾಸಿಗಳು. ನಮ್ಮ ಕಾಡುಮೊಲವೇ ಬೇರೆ. ಅದರ ಮರಿ ಮೈತುಂಬ ಕೂದಲಿನೊಡನೆ ಕಣ್ತೆರೆದೇ ಹುಟ್ಟುತ್ತದೆ. ತಾಯಿ ಅದನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರವಿದ್ದು, ಹಾಲೂಡಿಸಲು ಮಾತ್ರ ಬಂದು ಹೋಗುತ್ತದೆ. ಆ ಸಂಜೆಯೂ ತಾಯಿ ಬಂದಿರಬೇಕು. ಹುಲ್ಲಿನಲ್ಲಿ ಮರಿ ಇರಲಿಲ್ಲ. ಇಂದು ಕಾಡುಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಅಂದಿನ ನನ್ನ ಅಪರಾಧಕ್ಕೆ ಕರುಣೆಯೆಂದು ಹೆಸರಿತ್ತು.

ನಡುರಾತ್ರಿ ಸೆಳೆಖಾನೆ ತೆರೆದು 'ಅಜ್ಜನಿಗೆ ಸೂಚನೆಗಳು' ಓದಿದೆ. ಎರಡನೆಯ ಪುಟದ ಮೊದಲ ಸಾಲು: 'ಒಣಹುಲ್ಲು ಯಾವಾಗಲೂ ಇರಬೇಕು. ಹಣ್ಣು ಚೂರೇ ಚೂರು. ಬಿಸ್ಕತ್ತು ಕೊಡಲೇಬಾರದು ಅಜ್ಜ.' ಆ ಪುಟದಲ್ಲಿ ಕೆಂಪು ಶಾಯಿಯ ಗುರುತೇ ಇರಲಿಲ್ಲ. ಅಷ್ಟು ದೂರ ನಾನು ಓದಿಯೇ ಇರಲಿಲ್ಲವಲ್ಲ.

ಬೆಳಗಿನ ಜಾವ ಗೂಡಿನಲ್ಲಿ ನಾಲ್ಕೈದು ಹಿಕ್ಕೆಗಳು ಬಿದ್ದಿದ್ದವು. ಹಿಕ್ಕೆಯನ್ನು ಕಂಡು ಕಣ್ಣಲ್ಲಿ ನೀರು ಬಂದ ಮನುಷ್ಯರು ಲೋಕದಲ್ಲಿ ಹೆಚ್ಚಿರಲಾರರು. ಕೊಟ್ಟಿಗೆಯ ಅಟ್ಟ ಹತ್ತಿ ಒಂದು ಹಿಡಿ ಕರಡ ತಂದಿಟ್ಟೆ. ಬಹಳ ಹೊತ್ತಿನ ಮೇಲೆ ಬನ್ನಿ ಒಂದು ಎಳೆಯನ್ನು ಎಳೆದುಕೊಂಡು ಮೆಲ್ಲನೆ ಅಗಿಯತೊಡಗಿತು.

ಆ ಭಾನುವಾರ ಮೊಮ್ಮಗಳು ಫೋನಿನಲ್ಲಿ "ಬನ್ನಿ ಹೇಗಿದೆ ಅಜ್ಜ?" ಎಂದಳು. ಚೆನ್ನಾಗಿದೆಯೆಂದು ಹೇಳಿ ಮುಗಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೂ ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಈಗ ಎರಡೂ ಪುಟ ಓದಿದೆಯಾ?" ಎಂಬ ಪ್ರಶ್ನೆ ಬಂತು. ಓದಿದೆನೆಂದೆ. "ಹಾಗಾದರೆ ಸರಿ" ಎಂದಳು. ಯಾವ ಪರೀಕ್ಷೆಯಲ್ಲಿಯೂ ಇಷ್ಟು ಉದಾರವಾಗಿ ನಾನು ಯಾರನ್ನೂ ಪಾಸು ಮಾಡಿದ್ದಿಲ್ಲ.

ಈಗಲೂ ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಕರೆಯುತ್ತೇನೆ. ಆದರೆ "ಬನ್ನಿ" ಎನ್ನುವ ಮೊದಲು ಅಟ್ಟದಿಂದ ಒಂದು ಹಿಡಿ ಕರಡ ಇಳಿಸಿಕೊಂಡಿರುತ್ತೇನೆ.