ಎರಡು ಸೂರ್ಯೋದಯಗಳ ದಾರಿ

ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಸ್ವಾನ್ ನದಿಯು ಸಮುದ್ರವನ್ನು ಸೇರುವ ಮುನ್ನ ಸರೋವರದಂತೆ ವಿಶಾಲವಾಗಿ ಹರಡಿಕೊಳ್ಳುತ್ತದೆ. ಕ್ರಾಲಿ ಎಂಬ ಬಡಾವಣೆಯ ಆ ದಡದಲ್ಲಿ ಇಂದು ಕಾಣುವುದು ವಿಹಾರದ ಹಾಯಿದೋಣಿಗಳು. 1943ರಲ್ಲಾದರೋ ಆ ನೀರೇ ವಿಮಾನನಿಲ್ದಾಣ. ಅಲ್ಲಿಂದ ಮೇಲೆದ್ದ ವಿಮಾನ ಮತ್ತೆ ಇಳಿಯುತ್ತಿದ್ದುದು ಸಿಂಹಳದ ಗಾಲೆ ಪಟ್ಟಣದ ಸಮೀಪದ ಕೊಗ್ಗಲ ಸರೋವರದಲ್ಲಿ. ನಡುವಿನ ದೂರ ಸುಮಾರು 5,650 ಕಿಲೋಮೀಟರು.

1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾದೊಡನೆ ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ಇದ್ದ ವಿಮಾನಮಾರ್ಗ ಕಡಿದುಹೋಯಿತು. ಅದನ್ನು ಮತ್ತೆ ಬೆಸೆಯುವ ಹೊಣೆ ಕ್ವಾಂಟಾಸ್ ಸಂಸ್ಥೆಯದಾಯಿತು. ದೊರೆತವು ಐದು ಕ್ಯಾಟಲೀನ ವಿಮಾನಗಳು. ನೀರಿನಿಂದಲೇ ಏರಿ ನೀರಿಗೇ ಇಳಿಯುವಂಥವು. ವೇಗ ಗಂಟೆಗೆ ಸುಮಾರು 200 ಕಿಲೋಮೀಟರು. ಅಷ್ಟು ದೂರಕ್ಕೆ ಬೇಕಾದ ಇಂಧನವನ್ನು ತುಂಬಿದ ಮೇಲೆ ಉಳಿದ ಜಾಗ ಮೂವರು ಪ್ರಯಾಣಿಕರಿಗೆ ಮತ್ತು 69 ಕಿಲೋಗ್ರಾಂ ಅಂಚೆಗೆ ಮಾತ್ರ. ಮದುವೆಗೆ ಹೊರಟ ಒಂದು ಸಂಸಾರದ ಸಾಮಾನೂ ಅದಕ್ಕಿಂತ ಹೆಚ್ಚು ತೂಗೀತು!

ಅಪಾಯವೆಂದರೆ ಎಲ್ಲವೂ ಅಪಾಯವೇ. ಹೊರಟ ಮೊದಲ ಕೆಲವು ಗಂಟೆಗಳಲ್ಲಿ ಎರಡು ಎಂಜಿನುಗಳಲ್ಲಿ ಒಂದು ನಿಂತರೂ ಆ ಭಾರವನ್ನು ಹೊತ್ತು ಹಾರುವುದು ಸಾಧ್ಯವಿರಲಿಲ್ಲ. ರೇಡಿಯೋದಲ್ಲಿ ಮಾತನಾಡಿದರೆ ಶತ್ರುವಿಗೆ ಸುಳಿವು ಸಿಕ್ಕೀತೆಂದು ಮೌನವ್ರತ. ಜಪಾನೀಯರ ಕಾವಲಿದ್ದ ಪ್ರದೇಶವನ್ನು ಕತ್ತಲಲ್ಲೇ ದಾಟಬೇಕು. ದಾರಿ ತೋರಲು ಆಕಾಶವೊಂದೇ ಗತಿ. ವಿಮಾನಗಳಿಗೂ ನಕ್ಷತ್ರಗಳದೇ ಹೆಸರು: ಅಲ್ಟೇರ್, ವೇಗಾ, ರೈಜೆಲ್, ಆಂಟಾರಿಸ್, ಸ್ಪೈಕಾ. ಪಂಚಾಂಗದ ಭಾಷೆಯಲ್ಲಿ ಹೇಳುವುದಾದರೆ ಇವುಗಳಲ್ಲಿ ನಾಲ್ಕು ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ.

ಪ್ರಯಾಣಕ್ಕೆ ಸಾಮಾನ್ಯವಾಗಿ 28 ಗಂಟೆಗಳಾದರೂ ಹಿಡಿಯುತ್ತಿತ್ತು. ಗಾಳಿ ಎದುರಾದ ಒಂದು ಸಲ 32 ಗಂಟೆ 9 ನಿಮಿಷ. ಕುಳಿತವರು ಒಂದು ಸೂರ್ಯೋದಯವನ್ನು ಕಂಡು, ಹಗಲನ್ನೂ ಇರುಳನ್ನೂ ಕಳೆದು, ಇಳಿಯುವ ಮೊದಲೇ ಇನ್ನೊಂದನ್ನು ಕಾಣುತ್ತಿದ್ದರು. ಪಾರಾಗಿ ಬಂದ ಪ್ರಯಾಣಿಕನಿಗೆ ‘ಇಮ್ಮಡಿ ಸೂರ್ಯೋದಯದ ಗುಪ್ತಮಂಡಲಿ’ಗೆ ಸೇರಿದನೆಂಬ ಪ್ರಮಾಣಪತ್ರವೊಂದು ಸಲ್ಲುತ್ತಿತ್ತು. ಅದನ್ನು ಕೊಟ್ಟವರ ವಿನೋದಪ್ರಜ್ಞೆಯನ್ನು ಮೆಚ್ಚಬೇಕು.

1945ರ ಜುಲೈವರೆಗೆ ಹೀಗೆ 271 ಬಾರಿ ಸಾಗರವನ್ನು ದಾಟಿದರು. ಒಂದು ವಿಮಾನವೂ ಕಳೆದುಹೋಗಲಿಲ್ಲ. ಯುದ್ಧ ತೀರಿದ ಮೇಲೆ ಮಾತ್ರ, ಅವು ಅಮೆರಿಕದಿಂದ ಕರಾರಿನ ಮೇಲೆ ಬಂದವಾದ್ದರಿಂದ, ನಾಲ್ಕನ್ನು ಪರ್ತ್ ನಗರದ ಎದುರಿನ ರಾಟ್ನೆಸ್ಟ್ ದ್ವೀಪದಾಚೆ ಬೇಕೆಂದೇ ಸಮುದ್ರದಲ್ಲಿ ಮುಳುಗಿಸಿದರು. ಶತ್ರುವಿನ ಕೈಗೆ ಸಿಕ್ಕದವು ಕಾಗದದ ಕರಾರಿಗೆ ಸಿಕ್ಕಿಬಿದ್ದವು.

2018ರ ಮಾರ್ಚ್ 24ರಂದು ಅದೇ ಸಂಸ್ಥೆಯ ಬೋಯಿಂಗ್ ವಿಮಾನವೊಂದು ಪರ್ತ್ ಬಿಟ್ಟು, ಎಲ್ಲಿಯೂ ಇಳಿಯದೆ ಸುಮಾರು 14,500 ಕಿಲೋಮೀಟರು ಕ್ರಮಿಸಿ, 17 ಗಂಟೆಗಳ ತರುವಾಯ ಲಂಡನ್ ಸೇರಿತು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು, ಬಿಸಿಯೂಟ, ಹೊದಿಕೆ, ನಿದ್ರೆ. ಸೂರ್ಯ ಮುಳುಗಿದ ಮೇಲೆ ಹೊರಟ ಆ ವಿಮಾನ, ಲಂಡನ್ನಿನಲ್ಲಿ ಬೆಳಗಾಗುವ ಮೊದಲೇ ನೆಲ ಮುಟ್ಟಿತು. ದಾರಿಯುದ್ದಕ್ಕೂ ಒಂದು ಸೂರ್ಯೋದಯವೂ ಇರಲಿಲ್ಲ.